ಜೋಮಿನ ಸುತ್ತು

ನಾನು ಹದಿನೆಂಟು ವರ್ಷ ದನದ ಪೇಟೆಯಲ್ಲಿ ದಲ್ಲಾಳಿಯಾಗಿದ್ದವನು. ಮುದಿ ಎತ್ತಿಗೆ ಪ್ರಾಯ ತುಂಬುವುದರಲ್ಲಿ, ಒದೆಯುವ ಎಮ್ಮೆಯನ್ನು ಸಾಧುವೆಂದು ದಾಟಿಸುವುದರಲ್ಲಿ ನನ್ನ ಸಮ ಇನ್ನೊಬ್ಬನಿರಲಿಲ್ಲ. ಒಂದು ಸಂತೆಯ ದಿನ ಕೆಳದವಡೆಯ ಹಲ್ಲು ತಲೆ ಸಿಡಿಯುವಂತೆ ನೋಯತೊಡಗಿತು. ಅಲ್ಲೇ ಬೇವಿನ ಮರದ ಕೆಳಗೆ ಇಕ್ಕಳ ಹಿಡಿದು ಹಲ್ಲು ಕೀಳುತ್ತ ಕೂರುತ್ತಿದ್ದವನಿಗೆ ಬಾಯಿ ಕೊಟ್ಟೆ. ಎರಡು ನಿಮಿಷದ ಕೆಲಸ. ಬಾಯಿ ಮುಕ್ಕಳಿಸಿ ಬಂದು, ಕಾದಿದ್ದ ಗಿರಾಕಿಗೆ "ಇದು ಮೂರನೇ ಸೂಲಿನ ಎಮ್ಮಿ" ಅನ್ನಲು ಹೋದರೆ ಗಂಟಲು ಕಟ್ಟಿತು. ಕೆಮ್ಮಿದೆ, ಉಗುಳಿದೆ, ಮತ್ತೆ ಹೇಳಲು ನೋಡಿದೆ. ಕೊನೆಗೆ ಹೊರಬಂದದ್ದು "ಏಳನೇ ಸೂಲು, ಒಂದು ಮೊಲಿ ಸತ್ತೈತಿ" ಎಂಬ ಮಾತು. ಸುಳ್ಳು ಹೇಳುವ ವಿದ್ಯೆ ಆ ಹಲ್ಲಿನಲ್ಲೇ ಇತ್ತೆಂದು ನನಗೇನು ಗೊತ್ತು!

ನಮ್ಮ ಊರಿನಲ್ಲಿ ಇದು ಯಾರಿಗೂ ಹೊಸದಲ್ಲ. ಹಲ್ಲಿನ ಜತೆಗೆ ಒಂದು ವಿದ್ಯೆ ಹೋಗುತ್ತದೆ, ಯಾವುದೆಂದು ಕಿತ್ತ ಮೇಲೆ ತಿಳಿಯುತ್ತದೆ. ಹೆಡ್ ಮಾಸ್ತರರು ಮುಂದಿನ ಹಲ್ಲು ಹೋದಾಗಿನಿಂದ ಧೋತರ ಉಡಲು ಬಾರದೆ ಪಾಯಿಜಾಮಕ್ಕೆ ಇಳಿದಿದ್ದಾರೆ. ಅಂಚೆಯ ಮಹಾದೇವಪ್ಪನಿಗೆ ಸೀಟಿ ಹೊಡೆಯಲು ಬರುವುದಿಲ್ಲ. ನಮ್ಮ ಸೋದರತ್ತೆಗೆ ಉಪ್ಪಿನ ಅಂದಾಜು ಹೋಗಿ ಹನ್ನೆರಡು ವರ್ಷವಾಯಿತು; ಮಾವ, ಪಾಪ, ಹಾಕಿದ್ದನ್ನು ಉಂಡು ಏಳುತ್ತಾರೆ. ಮಕ್ಕಳ ಹಾಲುಹಲ್ಲಿಗೆ ಮಾತ್ರ ಯಾರೂ ಹೆದರುವುದಿಲ್ಲ. ಅವುಗಳಲ್ಲಿ ಇರುವುದು ಅಂಬೆಗಾಲು ಮತ್ತು ತೊದಲು, ಅಷ್ಟೇ.

ಹೀಗೆ ಇದ್ದ ಊರಿಗೆ ಹಲ್ಲಿನ ಡಾಕ್ಟರ್ ಶಕುಂತಲಾ ಬೂದಿಹಾಳ ಬಂದರು. ಗಿಡ್ಡ ಆಳು, ದಪ್ಪ ಕನ್ನಡಕ, ನಡೆಯುವಾಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳುವ ಅಭ್ಯಾಸ. ಬಂದ ಮೊದಲ ವರ್ಷವೇ ಅವರು ಒಂದು ಸಂಗತಿ ಕಂಡುಹಿಡಿದರು. ಹಲ್ಲಿಗೆ ಸೂಜಿ ಚುಚ್ಚಿ ಜೋಮು ಹಿಡಿಸಿದರೆ, ಆ ಜೋಮು ಇರುವಷ್ಟು ಹೊತ್ತು ಅದರೊಳಗಿನ ವಿದ್ಯೆಯೂ ಮಲಗಿರುತ್ತದೆ. ಅಂದರೆ ಕೀಳುವ ಮೊದಲೇ ಏನು ಹೋಗಲಿದೆ ಎಂದು ನೋಡಬಹುದು. ಅಂದಿನಿಂದ ಶುರುವಾಯಿತು ಜೋಮಿನ ಸುತ್ತು. ಸೂಜಿ ಹಾಕಿಸಿಕೊಂಡವರ ಗದ್ದಕ್ಕೆ ಹಸಿರು ಬಟ್ಟೆಯ ದಸ್ತಿ ಕಟ್ಟಿ ಡಾಕ್ಟರು ಒಂದು ತಾಸು ಪೇಟೆಗೆ ಬಿಡುತ್ತಾರೆ. ಹಸಿರು ದಸ್ತಿ ಕಂಡರೆ ಸಾಕು, ಊರಿಗೆ ಊರೇ ಪರೀಕ್ಷೆಗೆ ನಿಲ್ಲುತ್ತದೆ. ಹೂವಿನ ಪಾರವ್ವ ನಾರು ಕೊಟ್ಟು ಮಾಲೆ ಕಟ್ಟಿಸುತ್ತಾಳೆ. ಸೈಕಲ್ ಅಂಗಡಿಯವನು ಪಂಕ್ಚರ್ ಟ್ಯೂಬ್ ಮುಂದೆ ಹಿಡಿಯುತ್ತಾನೆ. ಯಾರೋ ಮಗ್ಗಿ ಕೇಳುತ್ತಾರೆ, ಯಾರೋ ಅಳುವ ಕೂಸನ್ನು ಕೈಗೆ ಹಾಕುತ್ತಾರೆ. ತಾಸಿನ ಮೇಲೆ ವಾಪಸು ಬಂದು "ಎಲ್ಲಾ ಬಂತ್ರಿ, ಪತಂಗ ಹಾರಸಾಕ ಮಾತ್ರ ಬರಲಿಲ್ಲ" ಅಂದರೆ, ಕಿತ್ತರೂ ಅಡ್ಡಿಯಿಲ್ಲ ಎಂದಾಯಿತು.

ತೊಂದರೆ ಬರುವುದು ಗಾಳಿಪಟಕ್ಕಿಂತ ದೊಡ್ಡದು ಹೋದಾಗ. ಹಲ್ಲು ಕೀಳುವುದು ಅಗ್ಗ, ಉಳಿಸುವುದು ತುಟ್ಟಿ. ಬೇರಿನೊಳಗಿನ ಕೊಳೆ ತೆಗೆಯಬೇಕು, ತುಂಬಬೇಕು, ಮೇಲೆ ಟೊಪ್ಪಿಗೆ ಕೂರಿಸಬೇಕು, ನಾಲ್ಕು ಸಲ ಬರಬೇಕು. ಟೊಪ್ಪಿಗೆ ದೂರದ ಶಹರದಿಂದ ತಯಾರಾಗಿ ಬರಬೇಕು. ಕೂಲಿ ಮಾಡುವವರಿಗೆ ಅದು ಆಗುವ ಮಾತಲ್ಲ. ಪೇಟೆಯ ವರ್ತಕರು ಸೇರಿ ಹಲ್ಲಿನ ನಿಧಿ ಅಂತ ಒಂದನ್ನು ಇಟ್ಟಿದ್ದಾರೆ, ನಿಜ. ಆದರೆ ನಿಧಿ ಕೊಡುವುದು ಕಸುಬಿನ ಹಲ್ಲಿಗೆ ಮಾತ್ರ. ಚಮ್ಮಾರನ ಹೊಲಿಗೆ, ಕುಂಬಾರನ ತಿಗರಿ, ಇಂಥವಕ್ಕೆ. ಫಾರ್ಮಿನ ಕೊನೆಗೆ ಸಾಕ್ಷಿಯ ರುಜು ಬೇಕು.

ಆ ಸಾಕ್ಷಿಗಾಗಿಯೇ ಡಾಕ್ಟರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು. ಪೇಟೆಯಲ್ಲಿ ಹೊಟ್ಟೆಪಾಡು ಕಳೆದುಕೊಂಡು ಕಟ್ಟೆಯ ಮೇಲೆ ಕೂತಿದ್ದವನನ್ನು ತಾವಾಗಿ ಕರೆದರು. "ಸುಳ್ಳು ಬರದ ದಲ್ಲಾಳಿನ್ನ ತಗೊಂಡು ಏನ್ ಮಾಡ್ತೀರಿ ಅಕ್ಕಾರ? ಬಡವ್ರ ಸಲುವಾಗಿ ಒಂದೊಂದ್ಸಲ ಫಾರ್ಮಿನಾಗ ಹೆಚ್ಚುಕಮ್ಮಿ ಬರೀಬೇಕಾಗತೈತಿ" ಅಂದೆ. ಅವರು ನಕ್ಕರು. "ಒಂದ್ಸಲ ಸುಳ್ಳು ಸಿಕ್ಕಿಬಿತ್ತಂದ್ರ ಮುಂದಿನ ನೂರು ಮಂದಿ ಖರೇ ಹಲ್ಲಿಗೂ ನಿಧಿ ಬಾಗ್ಲಾ ಮುಚ್ಚತೈತಿ ರಾಚಪ್ಪ. ನಿನ್ನ ರುಜು ನೋಡಿದ್ರ ಅವ್ರು ಪ್ರಶ್ನಿ ಕೇಳಬಾರದು, ಅಷ್ಟ ಬೇಕು ನನಗ." ಹಾಗೇ ಆಯಿತು. ನನ್ನ ರುಜು ಇರುವ ಫಾರ್ಮು ಒಂದೇ ದಿನಕ್ಕೆ ಪಾಸಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಬೆಲೆ ಬಂದಿತ್ತು.

ನಿಧಿಗೆ ಒಗ್ಗದ ಹಲ್ಲುಗಳ ಪಾಡು ಡಾಕ್ಟರ ತಲೆಯ ಮೇಲೆ. ಪೇಟೆಗೆ ರಜೆಯಿರುವ ಸೋಮವಾರಗಳಲ್ಲಿ ಅವರು ತಿಂಗಳಿಗೊಂದು ಹಲ್ಲನ್ನು ಪುಕ್ಕಟೆ ಉಳಿಸುತ್ತಿದ್ದರು. ಸಾಮಾನು ತರಿಸಲು ಅವರ ಕೈಲಾಗುವುದು ಅಷ್ಟೇ. ಅದಕ್ಕೊಂದು ಪಾಳಿಯ ಪಟ್ಟಿಯಿತ್ತು. ಪಾಳಿ ಬರುವವರೆಗೆ ತಾಳದ ಹಲ್ಲಾದರೆ ಇನ್ನೊಂದು ದಾರಿ. ಎಂಟು ದಿನ ಮಾತ್ರೆಯಲ್ಲಿ ನೋವು ತಡೆಹಿಡಿದು, ಆ ವಿದ್ಯೆಯನ್ನು ಮನೆಯವರಿಗೆ ಯಾರಿಗಾದರೂ ಕಲಿಸಿ ಬನ್ನಿ ಎಂದು ಕಳಿಸುತ್ತಿದ್ದರು. ಪಾರಿವಾಳಗಳನ್ನು ದನಿಯಿಂದಲೇ ಕೆಳಗಿಳಿಸುತ್ತಿದ್ದ ಮುದುಕ ರುದ್ರಗೌಡ ಹಾಗೆ ಎಂಟು ದಿನ ಮಾಳಿಗೆಯ ಮೇಲೆ ಮೊಮ್ಮಗಳ ಜತೆ ಕೂತು, ಒಂಬತ್ತನೇ ದಿನ ಬಂದು ಬಾಯಿ ತೆರೆದ. ಹಲ್ಲು ಕಿತ್ತ ಮೇಲೆ ಡಾಕ್ಟರು ತುಂಬ ಹೊತ್ತು ಕೈ ತೊಳೆದರು. ಆ ಮಧ್ಯಾಹ್ನ ಅವರ ಬುತ್ತಿ ಹಾಗೇ ಇತ್ತು. ಉಳಿಸಬಹುದಾದ ಹಲ್ಲನ್ನು ಕಿತ್ತ ದಿನವೆಲ್ಲ ಅವರು ಉಣ್ಣುತ್ತಿರಲಿಲ್ಲ. ನಾನದನ್ನು ಕಂಡೂ ಕಾಣದವನಂತೆ ಇರುತ್ತಿದ್ದೆ.

ಇಂಥ ದಿನಗಳಲ್ಲೇ ಬಾಳವ್ವ ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಐವತ್ತರ ಆಸುಪಾಸು. ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಡಾಕ್ಟರು ಸೂಜಿ ಹಾಕಿ ದಸ್ತಿ ಕಟ್ಟಿದರು. ಆಕೆ ನೇರ ಖಾನಾವಳಿಗೆ ಹೋಗಿ ಹತ್ತು ರೊಟ್ಟಿ ಬಡಿದಳಂತೆ, ಹತ್ತೂ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ. ಪಾರವ್ವನ ಹೂವು ಕಟ್ಟಿದಳು, ಕೌದಿಯ ಹೊಲಿಗೆ ಹಾಕಿದಳು, ಉದ್ರಿ ಕೇಳಲು ಬಂದವನನ್ನು ಬೈದಳು. ಎಲ್ಲವೂ ಇತ್ತು. ಪೇಟೆಯವರು "ಹೋಗವ್ವ, ಚಿಂತಿಲ್ಲದ ಕೀಳಿಸ್ಕೊ" ಎಂದು ಹರಸಿ ಕಳಿಸಿದರು. ನಾನು ಇಕ್ಕಳ ಕುದಿಯಲು ಇಟ್ಟೆ.

ಅಷ್ಟರಲ್ಲಿ ಬಾಳವ್ವ ಓಡುತ್ತ ಬಂದಳು. ದಸ್ತಿ ಜಾರಿ ಕೊರಳಿಗೆ ಬಿದ್ದಿತ್ತು. "ಅಕ್ಕಾರ, ದಾರ್ಯಾಗ ಮನಿಗೆ ಹೋಗಿದ್ದೆ. ನಮ್ಮನಿಯವ್ರು ಮಾತಾಡಾಕತ್ತಾರ, ನನಗ ಒಂದಕ್ಷರ ತಿಳಿವಲ್ದು" ಅಂದಳು.

ಆಕೆಯ ಗಂಡ ಫಕೀರಪ್ಪ ಮನೆ ಕಟ್ಟುವುದರಲ್ಲಿ ಹೆಸರಾದ ಗೌಂಡಿಯಾಗಿದ್ದವನು. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಒಂದು ಮಗ್ಗಲು ಬಿದ್ದುಹೋಗಿತ್ತು. ಮಾತು ಇತ್ತು, ಆದರೆ ನಮಗೆಲ್ಲ ಅದು ಕೊಡದಿಂದ ನೀರು ಸುರಿದಂತೆ ಗೊಳಗೊಳ ಅಂತಲೇ ಕೇಳುತ್ತಿತ್ತು. ಬಾಳವ್ವನಿಗೆ ಮಾತ್ರ ಅದರಲ್ಲಿ ಅಕ್ಷರ ಅಕ್ಷರ ತಿಳಿಯುತ್ತಿತ್ತು. ಆತ ಏನೋ ಅನ್ನುವುದು, ಆಕೆ ಥಟ್ಟನೆ ಉತ್ತರ ಕೊಡುವುದು, ಇದನ್ನು ಓಣಿಯವರು ಗಾಳಿ ಬೀಸಿದಷ್ಟು ಸಹಜವಾಗಿ ನೋಡಿಕೊಂಡು ಬಂದಿದ್ದರು. ಅದೂ ಒಂದು ವಿದ್ಯೆ, ಅದೂ ಒಂದು ಹಲ್ಲಿನಲ್ಲಿ ಕೂತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಬಾಳವ್ವ ಕುರ್ಚಿಯಲ್ಲಿ ಕೂತಳು. "ಕಿತ್ತ್ ಒಗೀರಿ ಅಕ್ಕಾರ. ರೊಟ್ಟಿ ಬಡಿಯಾಕ ಬರತೈತಿ, ಹೊಟ್ಟಿ ತುಂಬತೈತಿ. ಉಳಸೂ ಅಷ್ಟು ಶಕ್ತಿ ನನಗೆಲ್ಲೈತಿ? ಅವ್ರ ಮಾರಿ ನೋಡಿ ತಿಳ್ಕೊಂಡೇನು ತಗೀರಿ." 

"ಇವತ್ತ ಕೀಳಂಗಿಲ್ಲ" ಅಂದರು ಡಾಕ್ಟರು. ಕೊಳೆತದ್ದನ್ನು ಕೆರೆದು, ಔಷಧ ಇಟ್ಟು, ಮೇಲೆ ಬಿಳಿ ಸಿಮೆಂಟು ಮೆತ್ತಿದರು. ಅದು ಬಹಳವೆಂದರೆ ಒಂದೂವರೆ ತಿಂಗಳು ನಿಲ್ಲುತ್ತದೆ. ಪಾಳಿಯ ಪಟ್ಟಿ ತೆರೆದು ನೋಡಿದರು. ಮುಂದಿನ ಹನ್ನೊಂದು ತಿಂಗಳು ಭರ್ತಿಯಾಗಿತ್ತು. "ಈಕಿನ್ನ ಮುಂದ ತಗೋಬಹುದಲ್ರಿ" ಅಂದೆ. "ಮುಂದ ತಗೊಂಡ್ರ ಒಬ್ಬರು ಹಿಂದ ಸರೀತಾರ. ಅವ್ರ ಮನಿಗೆ ಹೋಗಿ ಆ ಮಾತು ಯಾರು ಹೇಳೋರು, ನೀ ಹೇಳ್ತಿಯೇನು?" ಅಂದರು.  ಉಳಿದದ್ದು ನಿಧಿ ಒಂದೇ. ಫಾರ್ಮು ನನ್ನ ಕಡೆ ತಳ್ಳಿದರು. "ಕಸುಬಿನ ಹಲ್ಲು ಹೌದೇ?" ಎಂಬ ಸಾಲು ಬಂತು. ನಾನು ಯೋಚಿಸಲೂ ಇಲ್ಲ. "ಅಲ್ಲ" ಎಂದು ಬರೆದು ರುಜು ಹಾಕಿದೆ. ಅದು ನಿಜವೆಂದೇ ನನಗೆ ಅನ್ನಿಸಿತ್ತು.

ಫಾರ್ಮು ಮರುದಿನವೇ ತಿರುಗಿ ಬಂತು. ಬೇರೆಯವರಾಗಿದ್ದರೆ ನನ್ನನ್ನು ಅಟ್ಟುತ್ತಿದ್ದರು. ಡಾಕ್ಟರು ನನ್ನ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿ, "ತಕರಾರು ಅರ್ಜಿ ಹಾಕೋಣ. ಹದಿನೈದು ದಿನಕ್ಕ ಕರೀತಾರ" ಅಂದರು. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು, "ಸಂಜಿಗೆ ಬಾಳವ್ವನ ಮನಿಗೆ ಹೋಗಿ ಸಿಮೆಂಟು ನೋಡ್ಕೊಂಡು ಬರೂಣು, ನೀನೂ ಬಾ" ಅಂದರು. ಸಿಮೆಂಟು ದಿನಾ ನೋಡುವಂಥದೇನಲ್ಲ. ಅದು ನನಗೂ ಗೊತ್ತಿತ್ತು. ಆದರೂ ಹೋದೆ.

ದಿನಾ ಹೋದೆವು. ಅಂಗಳದಲ್ಲಿ ಬಾಳವ್ವ ಒಲೆಯ ಮುಂದೆ, ಪಡಸಾಲೆಯ ಹೊರಸಿನ ಮೇಲೆ ಫಕೀರಪ್ಪ. ಆತನ ಮಾತಿಗೆ ಕೊನೆಯೇ ಇರಲಿಲ್ಲ. ಎದುರು ಮನೆಯ ಹೊಸ ಗೋಡೆ ವಾಲಿದೆ ಎಂದು ಬೈಯುವುದು, ರೊಟ್ಟಿಯ ಹಿಟ್ಟು ಸಡಿಲಾಗಿದೆ ಎಂದು ತಕರಾರು ತೆಗೆಯುವುದು. ಬಾಳವ್ವ ತಟ್ಟುವ ಕೈ ನಿಲ್ಲಿಸದೆ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ನಮಗಾಗಿ ಅರ್ಥ ಹೇಳುವುದೂ ನಡೆಯುತ್ತಿತ್ತು. "ರಾಚಣ್ಣನ ಕಡಿಂದ ಒಂದು ಎತ್ತು ಕೊಂಡಿದ್ರಂತ, ಮನಿ ಮುಟ್ಟೂದರಾಗ ಕುಂಟಾಕ ಹತ್ತಿತಂತ." ನಾನು ತಲೆ ತಗ್ಗಿಸಿದೆ. ಆತ ನಕ್ಕ. ಮಾತು ಹೋದರೂ ನಗು ಸ್ವಚ್ಛವಾಗಿಯೇ ಉಳಿದಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಡಾಕ್ಟರು ಬರುವುದು ತಡವಾಗುತ್ತದೆಂದು ನಾನೊಬ್ಬನೇ ಹೋದೆ. ಬಾಳವ್ವ ರೊಟ್ಟಿಯ ಬುಟ್ಟಿ ಹೊತ್ತು ಖಾನಾವಳಿಗೆ ಹೋಗಿದ್ದಳು. ಫಕೀರಪ್ಪ ನನ್ನನ್ನು ಕಂಡೊಡನೆ ಏನೋ ಹೇಳತೊಡಗಿದ. ನೀರು ಕೊಟ್ಟೆ. ಮತ್ತೆ ಹೇಳಿದ. ತಲೆದಿಂಬು ಎತ್ತರಿಸಿದೆ. ದನಿ ಜೋರಾಯಿತು. ಬೀಸಣಿಗೆ ಹಿಡಿದು ಗಾಳಿ ಹಾಕಿದೆ, ಇನ್ನೊಮ್ಮೆ ನೀರು ಕುಡಿಸಿದೆ. ಆತನ ಕಣ್ಣಲ್ಲಿ ನೀರು ಬಂತು. ನಾನು, ಬುದ್ಧಿವಂತ, "ಸಮಾಧಾನ ಮಾಡ್ಕೊರಿ, ಬರ್ತಾಳ" ಎಂದು ಭುಜ ತಟ್ಟಿದೆ. ಬಾಳವ್ವ ಬಾಗಿಲಲ್ಲಿ ಕಾಲಿಡುತ್ತಲೇ ಆ ದನಿ ಕೇಳಿ ಬುಟ್ಟಿ ಎಸೆದು ಓಡಿ ಬಂದಳು. "ಇರುವಿ ಕಡ್ಯಾಕತ್ತಾವಂತ!" ಅಂದವಳೇ ಹೊದಿಕೆ ಎಳೆದಳು. ಆತನ ಬೆನ್ನ ಕೆಳಗೆಲ್ಲ ಕೆಂಪಿರುವೆ. ನಾನು ಎರಡು ಸಲ ನೀರು ಕುಡಿಸಿ ಗಾಳಿ ಹಾಕುತ್ತಿದ್ದ ಅಷ್ಟು ಹೊತ್ತೂ ಅವು ಆತನನ್ನು ಕಡಿಯುತ್ತಿದ್ದವು, ಆತ ಅದನ್ನೇ ನನಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ಬಾಳವ್ವ ಇರುವೆ ಜಾಡಿಸಿ ಕೊಬ್ಬರಿ ಎಣ್ಣೆ ಹಚ್ಚುವುದನ್ನು ನೋಡುತ್ತ ನಿಂತೆ.  ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಒಳಗೆ ಬಂದು ಎಣ್ಣೆಯ ಬಟ್ಟಲು ಹಿಡಿದರು. ಆ ಸಂಜೆ ಅವರು ಸಿಮೆಂಟು ನೋಡಲಿಲ್ಲ.

ತಕರಾರು ಕೇಳುವ ದಿನ ವರ್ತಕರ ಸಂಘದ ಹಜಾರದಲ್ಲಿ ಐದು ಮಂದಿ ಕೂತಿದ್ದರು. ನಡುವೆ ನಿಧಿಯ ಅಧ್ಯಕ್ಷರು ಅಂದಾನೆಪ್ಪ ಶೆಟ್ಟರು. ಕೆಟ್ಟವರಲ್ಲ, ನೇಮದ ಮನುಷ್ಯ. "ಡಾಕ್ಟ್ರ, ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು. ಕಸುಬು ಬಿಟ್ಟು ಉಳಿದದ್ದಕ್ಕೆಲ್ಲ ಕೊಟ್ರ ಕಸುಬಿನವರಿಗೆ ಉಳಿಯಂಗಿಲ್ಲ. ಅಲ್ಲದ ನಿಮ್ಮ ರಾಚಪ್ಪನ 'ಅಲ್ಲ' ಅಂತ ಬರದಾನ. ಅಂವ ಸುಳ್ಳು ಬರಿಯಾಂವಲ್ಲ."

"ಬರದಾಗ ಅವನಿಗೆ ಅದು ಖರೇ ಇತ್ರಿ" ಅಂದರು ಡಾಕ್ಟರು. "ಈಗ ಇನ್ನೊಮ್ಮೆ ಕೇಳ್ರಿ."

 "ಹೌದು" ಎನ್ನುವ ಆಸೆ ನನಗೆ ಹೊಟ್ಟೆತುಂಬ ಇತ್ತು. ಆದರೆ ಕಸುಬು ಎಂದರೆ ಕೂಲಿ ಹುಟ್ಟುವ ಕೆಲಸ ಎಂದು ನೇಮದಲ್ಲೇ ಇದೆ, ಹೌದು ಅನ್ನಲು ಹೋಗಿ ಗಂಟಲು ಕಟ್ಟಿದರೆ ಡಾಕ್ಟರ ಮಾನ ಹೋಗುತ್ತದೆ. ಸುಮ್ಮನೆ "ಅಲ್ಲ" ಅಂದುಬಿಡೋಣ, ಆಮೇಲೆ ಬಾಳವ್ವನ ಕಾಲು ಹಿಡಿದರಾಯಿತು ಎಂದು ಗಟ್ಟಿ ಮಾಡಿಕೊಂಡೆ.

"ರಾಚಪ್ಪ, ಆ ಹಲ್ಲಿನಾಗಿರೂದು ಕಸುಬು ಹೌದೋ ಅಲ್ಲೋ?" ಶೆಟ್ಟರು ಕೇಳಿದರು.

ಬಾಯಿ ತೆರೆದೆ. "ಅ" ಅಂದೆ, ಮುಂದೆ ಬರಲಿಲ್ಲ. ಕೆಮ್ಮಿದೆ. ಜವಾನ ನೀರು ತಂದುಕೊಟ್ಟ. ಕುಡಿದು ಮತ್ತೆ "ಅ" ಅಂದೆ, ಗಂಟಲಿಗೆ ಬೀಗ ಬಿದ್ದ ಹಾಗಾಯಿತು. ಕಣ್ಣಲ್ಲಿ ನೀರು ಬರುವಷ್ಟು ತಿಣುಕಿದೆ.  ಆ ಐವರೂ ಒಂದಲ್ಲ ಒಂದು ಕಾಲಕ್ಕೆ ನನ್ನಿಂದ ದನ ಕೊಂಡವರು, ಹಲ್ಲು ಹೋದ ಮೇಲಿನ ನನ್ನ ಕೆಮ್ಮನ್ನೂ ಬಲ್ಲವರು. ಶೆಟ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಂಗಾರ ಇನ್ನೊಂದು ಅಂದು ನೋಡು" ಅಂದರು ಮೆಲ್ಲಗೆ.

"ಹೌದು" ಅಂದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಬಂದ ಮೇಲೆ ನಿಲ್ಲಲೇ ಇಲ್ಲ. "ಹೌದ್ರಿ ಶೆಟ್ಟ್ರ, ಕಸುಬ ಅದು. ಮುಂಜಾನಿಂದ ರಾತ್ರಿತನಕ ಆಕಿ ಅದನ್ನ ಮಾಡ್ತಾಳ. ನಾ ಮಾಡಾಕ ಹೋಗಿ ಒಂದು ಜೀವಕ್ಕ ಇರುವಿ ಕಡಿಸೇನ್ರಿ" ಅಂದುಬಿಟ್ಟೆ.

ಶೆಟ್ಟರು ಫಾರ್ಮು ಎಳೆದುಕೊಂಡರು. "ಕಸುಬಿನ ಹೆಸರು ಬರೀಬೇಕಲ್ಲಪಾ, ಏನಂತ ಬರೀಲಿ?" ಡಾಕ್ಟರು ನನ್ನ ಕಡೆ ನೋಡಿದರು. ನಾನೇ ಪೆನ್ನು ತೆಗೆದುಕೊಂಡು "ಗಂಡನ ಮಾತು ತಿಳಿಯುವುದು" ಎಂದು ಬರೆದೆ. ಶೆಟ್ಟರು ಅದನ್ನು ಎರಡು ಸಲ ಓದಿ ರುಜು ಹಾಕಿದರು.

ಹೊರಗೆ ಬಂದ ಮೇಲೆ ಕೇಳಿದೆ, "ಹಿಂಗ ಆಗತೈತಂತ ನಿಮಗ ಗೊತ್ತಿತ್ತೇನ್ರಿ ಅಕ್ಕಾರ?" "ಎಲ್ಲೀದು! ಗೊತ್ತಿದ್ರ ಹದಿನೈದು ದಿನ ನೆಟ್ಟಗ ಊಟ ಮಾಡ್ತಿದ್ನಲ್ಲ" ಅಂದರು. ನಿಂತಲ್ಲೇ ಚೀಲ ತೆರೆದು, ಮಧ್ಯಾಹ್ನದ ಬುತ್ತಿಯಲ್ಲಿದ್ದ ಚಪಾತಿಯನ್ನು ಸುರುಳಿ ಸುತ್ತಿ ರಸ್ತೆಯಲ್ಲೇ ತಿನ್ನುತ್ತ ನಡೆದರು. ಅವರನ್ನು ನಾನು ಮೆಚ್ಚುವುದು ಇದಕ್ಕೇ. ನನ್ನಿಂದ ಒಂದು ಸುಳ್ಳು ಕೇಳಿದ್ದರೆ ಕೆಲಸ ಅಂದೇ ಕೆಡುತ್ತಿತ್ತು. ಅವರು ಕೇಳಲಿಲ್ಲ, ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದಿನಾ ಸಂಜೆ ಕರೆದುಕೊಂಡು ಹೋಗಿ ಕೂರಿಸಿದರು, ಅಷ್ಟೇ. ಮುಂದಿನ ವಾರದಿಂದ ನಮ್ಮ ಬಾಗಿಲಲ್ಲಿ ಹೆಂಗಸರ ಸಾಲು ಬೆಳೆಯಿತು. ಅತ್ತೆಗೆ ಮಾತ್ರೆ ನುಂಗಿಸುವ ವಿದ್ಯೆಯವಳು, ಬುದ್ಧಿ ಬೆಳೆಯದ ತಮ್ಮನನ್ನು ರಸ್ತೆ ದಾಟಿಸುವ ವಿದ್ಯೆಯವಳು. ಶೆಟ್ಟರು ನಿಧಿ ತುಂಬಿಸಲು ಅಂಗಡಿ ಅಂಗಡಿ ತಿರುಗುತ್ತ ಡಾಕ್ಟರನ್ನು ಶಪಿಸುತ್ತಿದ್ದರಂತೆ. ಶಪಿಸುತ್ತಲೇ ತುಂಬಿಸಿದರು.

ನಾಲ್ಕನೆಯ ಮತ್ತು ಕೊನೆಯ ಸರದಿಗೆ ಬಾಳವ್ವ ಗಂಡನನ್ನೂ ಕರೆತಂದಳು. ಖಾನಾವಳಿಯ ತಳ್ಳುಗಾಡಿಯಲ್ಲಿ ಕೌದಿ ಹಾಸಿ ಕೂರಿಸಿದ್ದಳು. ನಾವಿಬ್ಬರೂ ಹಿಡಿದು ಒಳಗಿನ ಬೆಂಚಿಗೆ ಒರಗಿಸಿದೆವು. ಟೊಪ್ಪಿಗೆ ಕೂರಿಸಲು ಡಾಕ್ಟರು ಸೂಜಿ ಹಾಕಿದರು. ಬಾಳವ್ವನ ಬಾಯಿಗೆ ಹತ್ತಿ ತುಂಬಿ ಕೆಲಸ ಶುರುವಾದೊಡನೆ ಫಕೀರಪ್ಪ ಮಾತಾಡತೊಡಗಿದ. ಹೆಂಡತಿಯ ಜತೆಗಲ್ಲ, ಡಾಕ್ಟರ ಜತೆಗೆ. ಸರಿಯಿದ್ದ ಕೈಯಿಂದ ಹೆಂಡತಿಯನ್ನು ತೋರಿಸಿ ತೋರಿಸಿ, ನಡುನಡುವೆ ಹೆಗಲಿಗೆ ಬಾಯಿ ಒರೆಸಿಕೊಂಡು, ಮುಕ್ಕಾಲು ತಾಸು ಹೇಳಿದ. ಯಾವ ಹಲ್ಲು ಮಲಗಿದೆ ಎಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರು ಕೈ ಕೆಲಸ ಬಿಡದೆ, ಎಲ್ಲ ತಿಳಿದವರ ಹಾಗೆ "ಹೂಂ, ಹೂಂ" ಅನ್ನುತ್ತಿದ್ದರು. ಬಾಳವ್ವ ಹತ್ತಿ ತುಂಬಿದ ಬಾಯಿ ತೆರೆದುಕೊಂಡು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದಳು.

ಟೊಪ್ಪಿಗೆ ಕೂತು, ಜೋಮು ಇಳಿಯುವವರೆಗೆ ಕಾದು, ಆಕೆ ಮೊದಲು ಕೇಳಿದ್ದೇ ಅದನ್ನು. "ಅಷ್ಟೊತ್ತು ಏನ್ ಹೇಳಿದ್ರಿ?" ಫಕೀರಪ್ಪ ಚಿಕ್ಕದಾಗಿ ಏನೋ ಅಂದ. ಬಾಳವ್ವನ ಮುಖ ಅರಳಿತು. ತಿಳಿದಿತ್ತು. "ಏನಂತ?" ಡಾಕ್ಟರು ಕೇಳಿದರು. "'ನೀ ಕೇಳಲಿ ಅಂತ ಹೇಳಿದ್ದಲ್ಲ' ಅಂತಾರ್ರಿ" ಅಂದಳು.

ಗಾಡಿ ಪೇಟೆಗೆ ಇಳಿಯುವವರೆಗೂ ಅವರ ಜಗಳ ನಮಗೆ ಕೇಳುತ್ತಿತ್ತು. "ಮಂದಿ ಮುಂದ ಹೇಳಾಕ ಬಾಯಿ ಬರತೈತಿ, ನನ್ನ ಮುಂದ ಬರಂಗಿಲ್ಲೇನು?" ಗೊಳಗೊಳ. "ಡಾಕ್ಟ್ರಿಗೇನ್ ತಿಳೀತು, ಮಣ್ಣು!" ಮತ್ತೆ ಗೊಳಗೊಳ, ಈ ಸಲ ತುಸು ಸಣ್ಣ ದನಿಯಲ್ಲಿ. ಗಾಡಿ ರಸ್ತೆಯ ನಡುವೆ ನಿಂತಿತು. "ಹಾಂ? ಇನ್ನೊಮ್ಮೆ ಅನ್ರಿ" ಅಂದಳು ಬಾಳವ್ವ. ಆತ ಇನ್ನೊಮ್ಮೆ ಅಂದ. ಅದಕ್ಕೆ ಆಕೆ ಉತ್ತರ ಕೊಡಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಗಾಡಿಯನ್ನು ನಿಧಾನವಾಗಿ ತಳ್ಳುತ್ತ ಹೋದಳು.